1914ರ ಯುದ್ಧ: ಹೊಣೆಯನ್ನು ಒಪ್ಪಂದಗಳ ತಲೆಗೆ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಜೂನ್ 28 ಬಂತೆಂದರೆ ಪತ್ರಿಕೆಗಳ ‘ಇತಿಹಾಸದಲ್ಲಿ ಈ ದಿನ’ ಅಂಕಣಗಳಲ್ಲೂ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲೂ ಮೊಬೈಲಿನಲ್ಲಿ ಓಡಾಡುವ ಪಾಠದ ವಿಡಿಯೊಗಳಲ್ಲೂ ಒಂದೇ ಕಥೆ ಬರುತ್ತದೆ. 1914ರ ಆ ದಿನ ಬೋಸ್ನಿಯದ ಸರಾಯೆವೊ ಪಟ್ಟಣದಲ್ಲಿ ಗವ್ರಿಲೊ ಪ್ರಿನ್ಸಿಪ್ ಎಂಬ 19 ವರ್ಷದ ಸರ್ಬ್ ಹುಡುಗ ಆಸ್ಟ್ರಿಯದ ಯುವರಾಜ ಫ್ರಾನ್ಸ್ ಫರ್ಡಿನಾಂಡ್‌ಗೆ ಗುಂಡಿಟ್ಟ; ಯುರೋಪು ಆಗಲೇ ಎರಡು ಕೂಟಗಳಾಗಿ ಒಡೆದಿತ್ತು; ಒಪ್ಪಂದದ ಪ್ರಕಾರ ಒಬ್ಬರ ಹಿಂದೆ ಒಬ್ಬರು ಯುದ್ಧಕ್ಕೆ ಇಳಿದರು; ಹೀಗೆ ಮೊದಲ ಮಹಾಯುದ್ಧ ಆಯಿತು. ಮಕ್ಕಳು ಇದನ್ನು ಐದು ಅಂಕಕ್ಕೆ ಬರೆದು ಬರುತ್ತಾರೆ. ಈ ಕಥೆಯಲ್ಲಿ ಯಾರೂ ಏನನ್ನೂ ತೀರ್ಮಾನಿಸುವುದಿಲ್ಲ, ಎಲ್ಲವೂ ತಾನಾಗಿ ಆಗಿಬಿಡುತ್ತದೆ. ನನ್ನ ಆಕ್ಷೇಪ ಇರುವುದು ಅಲ್ಲೇ. ಒಪ್ಪಂದಗಳ ಕಲಮುಗಳನ್ನು ಬಿಡಿಸಿ ಓದಿದರೆ, ಆ ಬೇಸಿಗೆಯ ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಈ ಕಥೆ ನಿಲ್ಲುವುದಿಲ್ಲ.

ಮೊದಲು ಕಲಮುಗಳನ್ನೇ ನೋಡೋಣ. 1879ರ ಅಕ್ಟೋಬರ್ 7ರಂದು ಜರ್ಮನಿ ಮತ್ತು ಆಸ್ಟ್ರಿಯ-ಹಂಗೇರಿ ಮಾಡಿಕೊಂಡ ಒಪ್ಪಂದದ ತಿರುಳು ಇಷ್ಟು: ಇಬ್ಬರಲ್ಲಿ ಒಬ್ಬರ ಮೇಲೆ ರಷ್ಯ ದಾಳಿ ಮಾಡಿದರೆ ಇನ್ನೊಬ್ಬರು ತಮ್ಮ ಪೂರ್ಣ ಬಲದೊಂದಿಗೆ ನೆರವಿಗೆ ಬರಬೇಕು, ಬೇರೆ ಯಾರಾದರೂ ದಾಳಿ ಮಾಡಿದರೆ ಸ್ನೇಹದ ತಟಸ್ಥ ನೀತಿ ಸಾಕು. ದಾಳಿಗೆ ಗುರಿಯಾದಾಗ ಮಾತ್ರ ಬಾಧ್ಯತೆ. 1914ರ ಜುಲೈ 28ರಂದು ಸರ್ಬಿಯದ ಮೇಲೆ ಯುದ್ಧ ಸಾರಿದ್ದು ಆಸ್ಟ್ರಿಯ. ಅದಕ್ಕೆ ಬೆಂಬಲ ಕೊಡುವ ಯಾವ ಕಟ್ಟುಪಾಡೂ ಜರ್ಮನಿಗೆ ಇರಲಿಲ್ಲ. ಆದರೂ ಜುಲೈ 5 ಮತ್ತು 6ರಂದು, ಆಸ್ಟ್ರಿಯದ ರಾಜಧಾನಿ ವಿಯೆನ್ನಾದಿಂದ ದೂತ ಹೊಯೊಸ್ ಬಂದಾಗ, ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್ ಮತ್ತು ಪ್ರಧಾನಿ ಬೆತ್‌ಮನ್ ಹೋಲ್ವೆಗ್ ಆಸ್ಟ್ರಿಯಕ್ಕೆ ‘ಏನೇ ಮಾಡಿದರೂ ನಾವಿದ್ದೇವೆ’ ಎಂಬರ್ಥದ ಭರವಸೆ ಕೊಟ್ಟರು. ಖಾಲಿ ಚೆಕ್ಕು ಎಂದು ಇತಿಹಾಸದಲ್ಲಿ ಹೆಸರಾಗಿರುವುದು ಇದೇ. 35 ವರ್ಷ ಹಳೆಯ ಕಾಗದ ಅದನ್ನು ಬರೆಸಲಿಲ್ಲ, ಇಬ್ಬರು ಮನುಷ್ಯರು ಕುಳಿತು ಬರೆದುಕೊಟ್ಟರು.

1882ರ ಮೇ 20ರಂದು ಇಟಲಿಯೂ ಸೇರಿ ತ್ರಿಮೈತ್ರಿ ಕೂಟವಾಯಿತು. 1912ರವರೆಗೂ ಅದನ್ನು ಮತ್ತೆ ಮತ್ತೆ ನವೀಕರಿಸಿದರು. ಅದರ ಏಳನೇ ಕಲಮಿನಂತೆ ಆಸ್ಟ್ರಿಯ ಬಾಲ್ಕನ್ನಿನಲ್ಲಿ ಏನಾದರೂ ಪಡೆಯುವುದಿದ್ದರೆ ಇಟಲಿಯೊಂದಿಗೆ ಮೊದಲೇ ಮಾತಾಡಿ, ಪರಿಹಾರ ಕೊಡಬೇಕಿತ್ತು. ಆಸ್ಟ್ರಿಯ ಮಾತನ್ನೇ ಆಡಲಿಲ್ಲ. ಇಟಲಿ ಆಗಸ್ಟ್ ಆರಂಭದಲ್ಲೇ ತಟಸ್ಥ ಎಂದು ಸಾರಿ, 1915ರ ಮೇ ತಿಂಗಳಲ್ಲಿ ಎದುರು ಪಾಳೆಯ ಸೇರಿ ತನ್ನ ಹಳೆಯ ಮಿತ್ರನ ಮೇಲೆಯೇ ಯುದ್ಧಕ್ಕೆ ಬಂತು. ರುಮೇನಿಯದ್ದು ಇನ್ನೂ ಸ್ಪಷ್ಟವಾದ ಉದಾಹರಣೆ. 1883ರಿಂದಲೂ ಅದು ಆಸ್ಟ್ರಿಯ, ಜರ್ಮನಿಗಳ ಗುಪ್ತ ಮಿತ್ರ. ದೊರೆ ಕರೋಲ್ ಜರ್ಮನ್ ಕೈಸರನ ಮನೆತನದವನೇ. ಆದರೂ ಅಲ್ಲಿನ ರಾಜಸಭೆ ಆಗಸ್ಟ್ 3ರಂದು ದೊರೆಯ ಮಾತನ್ನು ಬದಿಗಿಟ್ಟು ತಟಸ್ಥವಾಗಿ ಉಳಿಯಿತು. 1916ರಲ್ಲಿ ಎದುರು ಪಕ್ಷಕ್ಕೆ ಹೋಯಿತು. ಕಾಗದ ದೇಶಗಳನ್ನು ಎಳೆದೊಯ್ಯುವುದೇ ಹೌದಾಗಿದ್ದರೆ ಈ ಎರಡೂ ದೇಶ ಆಗಸ್ಟ್ ಮೊದಲ ವಾರವೇ ಜರ್ಮನಿಯ ಪಕ್ಕದಲ್ಲಿ ನಿಲ್ಲಬೇಕಿತ್ತು.

ಎದುರು ಪಾಳೆಯದಲ್ಲೂ ಕಥೆ ಹೀಗೆಯೇ. ಸರ್ಬಿಯವನ್ನು ಕಾಪಾಡಲು ರಷ್ಯವನ್ನು ಬಾಧ್ಯಗೊಳಿಸುವ ಲಿಖಿತ ಮೈತ್ರಿ ಒಪ್ಪಂದವೇ ಇರಲಿಲ್ಲ. ಬ್ರಿಟನ್ ಫ್ರಾನ್ಸ್‌ನೊಂದಿಗೆ 1904ರ ಏಪ್ರಿಲ್ 8ರಂದು ಮಾಡಿಕೊಂಡದ್ದು ಈಜಿಪ್ಟು, ಮೊರಾಕೊ, ನ್ಯೂಫೌಂಡ್‌ಲ್ಯಾಂಡ್ ಮೀನುಗಾರಿಕೆಯ ತಗಾದೆಗಳ ಇತ್ಯರ್ಥ. 1907ರ ಆಗಸ್ಟ್ 31ರಂದು ರಷ್ಯದೊಂದಿಗೆ ಮಾಡಿಕೊಂಡದ್ದು ಪರ್ಷಿಯ, ಅಫ್ಘಾನಿಸ್ತಾನ, ಟಿಬೆಟ್‌ಗಳ ಬಗ್ಗೆ. ಎರಡರಲ್ಲೂ ಯುರೋಪಿನಲ್ಲಿ ಜೊತೆಗೂಡಿ ಕಾದಾಡುವ ಕಲಮು ಇಲ್ಲ. ಗೈಡುಗಳಲ್ಲಿ ಎರಡು ಬಣ್ಣದ ನಕಾಶೆ ಬರೆದು, ಆರು ದೇಶಗಳೂ ಸಮಾನವಾಗಿ ಬಿಗಿದುಕೊಂಡಿದ್ದವು ಎಂದು ತೋರಿಸುವುದು ತಪ್ಪು. ನಿಜಕ್ಕೂ ಬಿಗಿಯಾಗಿದ್ದದ್ದು ಫ್ರಾನ್ಸ್ ಮತ್ತು ರಷ್ಯಗಳ ಸೇನಾ ಒಡಂಬಡಿಕೆ. 1892ರಲ್ಲಿ ಸೇನಾಧಿಕಾರಿಗಳು ಬರೆದು, 1894ರ ಜನವರಿ ಹೊತ್ತಿಗೆ ಜಾರಿಯಾದ ಅದರಲ್ಲಿ ಲೆಕ್ಕವೂ ಇತ್ತು: ಜರ್ಮನಿಯ ವಿರುದ್ಧ ಫ್ರಾನ್ಸ್ 13 ಲಕ್ಷ, ರಷ್ಯ 7ರಿಂದ 8 ಲಕ್ಷ ಸೈನಿಕರನ್ನು ಇಳಿಸಬೇಕು, ತ್ರಿಮೈತ್ರಿ ಕೂಟದ ಒಂದು ದೇಶ ಸೇನಾ ಜಮಾವಣೆ ಮಾಡಿದರೂ ಇಬ್ಬರೂ ತಕ್ಷಣ, ಮಾತುಕತೆಗೆ ಕಾಯದೆ, ಜಮಾವಣೆ ಮಾಡಬೇಕು. ಜಮಾವಣೆ ಎಂಬ ಈ ಒಂದು ಪದದ ಮೇಲೆ ಮುಂದೆ ಎಲ್ಲವೂ ನಿಂತಿತು. ಅದಕ್ಕೆ ಆಮೇಲೆ ಬರುತ್ತೇನೆ.

ಬ್ರಿಟನ್ ಫ್ರಾನ್ಸಿಗೆ ಅಂಟಿಕೊಂಡದ್ದು ಸಹಿ ಹಾಕಿ ಅಲ್ಲ, ಹಡಗುಗಳನ್ನು ಅತ್ತಿತ್ತ ಸರಿಸಿ. 1898 ಮತ್ತು 1900ರ ನೌಕಾ ಕಾನೂನುಗಳಿಂದ ಜರ್ಮನ್ ನೌಕಾ ಮಂತ್ರಿ ಟಿರ್ಪಿಟ್ಸ್ ತನ್ನ ದೇಶಕ್ಕೆ ದೊಡ್ಡ ಯುದ್ಧನೌಕಾ ಪಡೆ ಕಟ್ಟಲು ಹೊರಟ. 1906ರಲ್ಲಿ ಬ್ರಿಟನ್ ಡ್ರೆಡ್‌ನಾಟ್ ಎಂಬ ಹೊಸ ಬಗೆಯ ಯುದ್ಧನೌಕೆ ಇಳಿಸಿತು. ಹಿಂದಿನ ಯುದ್ಧನೌಕೆಗಳಲ್ಲಿ 12 ಇಂಚಿನ ತೋಪು ನಾಲ್ಕು ಇರುತ್ತಿದ್ದರೆ ಇದರಲ್ಲಿ ಹತ್ತು. ಹಬೆ ಟರ್ಬೈನಿನಿಂದ ಗಂಟೆಗೆ 21 ನಾಟಿಕಲ್ ಮೈಲಿ ವೇಗ. ಇದರ ಮುಂದೆ ಹಳೆಯ ಹಡಗುಗಳೆಲ್ಲ, ಬ್ರಿಟನ್ನಿನವೂ ಸೇರಿ, ಒಂದೇ ದಿನದಲ್ಲಿ ಎರಡನೇ ದರ್ಜೆಗೆ ಇಳಿದವು. ಪೈಪೋಟಿ ಮತ್ತೆ ಸೊನ್ನೆಯಿಂದ ಶುರು. ಜರ್ಮನಿ ಇಂಥ ಹಡಗು ಕಟ್ಟಿದ ಮೇಲೆ ಅವು ಕೀಲ್ ಕಾಲುವೆಯಲ್ಲಿ ಹಿಡಿಸಲಿಲ್ಲ. ಕಾಲುವೆ ಅಗಲ ಮಾಡುವ ಕೆಲಸ ಮುಗಿದದ್ದು 1914ರ ಜೂನ್‌ನಲ್ಲಿ. ಇತ್ತ ಬ್ರಿಟನ್ 1912ರಲ್ಲಿ ಮೆಡಿಟರೇನಿಯನ್‌ನಲ್ಲಿದ್ದ ತನ್ನ ಯುದ್ಧನೌಕೆಗಳನ್ನು ಉತ್ತರ ಸಮುದ್ರಕ್ಕೆ ಕರೆಸಿಕೊಂಡಿತು. ಫ್ರಾನ್ಸ್ ಬ್ರೆಸ್ಟ್‌ನಲ್ಲಿದ್ದ ತನ್ನ ನೌಕೆಗಳನ್ನು ಮೆಡಿಟರೇನಿಯನ್‌ಗೆ ಒಯ್ದಿತು. ಹೀಗೆ ಫ್ರಾನ್ಸಿನ ಉತ್ತರ ಕರಾವಳಿ ಬರಿದಾಯಿತು. ಆ ವರ್ಷದ ನವೆಂಬರಿನಲ್ಲಿ ವಿದೇಶಾಂಗ ಮಂತ್ರಿ ಗ್ರೇ ಮತ್ತು ಫ್ರೆಂಚ್ ರಾಯಭಾರಿ ಕಾಂಬೋನ್ ಪತ್ರ ಬದಲಿಸಿಕೊಂಡು, ಇದರಿಂದ ಯಾರಿಗೂ ಬಾಧ್ಯತೆ ಇಲ್ಲ ಎಂದು ಬರೆದುಕೊಂಡರು. ಕಾಗದದಲ್ಲಿ ಬಾಧ್ಯತೆ ಇಲ್ಲ, ಸಮುದ್ರದಲ್ಲಿ ಇತ್ತು. 1914ರ ಆಗಸ್ಟ್ 2ರಂದು ಬ್ರಿಟಿಷ್ ಸಂಪುಟ, ಜರ್ಮನ್ ನೌಕಾಪಡೆ ಇಂಗ್ಲಿಷ್ ಕಡಲ್ಗಾಲುವೆಗೆ ಬಂದರೆ ತಡೆಯುತ್ತೇವೆ ಎಂದು ಮಾತು ಕೊಟ್ಟದ್ದರ ಹಿಂದೆ ಈ ಸ್ಥಳಾಂತರವಿತ್ತು. ಫ್ರಾನ್ಸಿನೊಂದಿಗೆ ಸೇನಾಧಿಕಾರಿಗಳ ಮಟ್ಟದಲ್ಲಿ 1906ರಿಂದ ಗುಟ್ಟಾಗಿ ನಡೆಯುತ್ತಿದ್ದ ಮಾತುಕತೆಯಂತೂ ಸಂಪುಟದ ಬಹುಪಾಲು ಮಂತ್ರಿಗಳಿಗೇ 1911ರವರೆಗೆ ತಿಳಿದಿರಲಿಲ್ಲ. ಪ್ರಜಾಪ್ರಭುತ್ವ ಎಂದು ಹೇಳಿಕೊಳ್ಳುವ ದೇಶ ತನ್ನ ಮಂತ್ರಿಗಳಿಗೇ ತಿಳಿಸದೆ ಸೇನೆಯನ್ನು ಎಲ್ಲಿ ಇಳಿಸಬೇಕೆಂದು ಗೊತ್ತುಮಾಡಿಕೊಳ್ಳುವುದು ಸಣ್ಣ ಅಪರಾಧವಲ್ಲ.

ರಾಷ್ಟ್ರೀಯತೆಯ ಬಗ್ಗೆ ಗೈಡುಗಳು ‘ಉಗ್ರ ರಾಷ್ಟ್ರೀಯತೆ’ ಎಂದು ಎರಡು ಪದ ಬರೆದು ಮುಂದೆ ಹೋಗುತ್ತವೆ. ಅದು ಹೇಗೆ ಕೆಲಸ ಮಾಡಿತು ಎಂಬುದನ್ನು ಸರ್ಬಿಯದಲ್ಲಿ ಚೆನ್ನಾಗಿ ನೋಡಬಹುದು. ಸರ್ಬಿಯದ ರೈತರ ಮುಖ್ಯ ರಫ್ತು ಹಂದಿ, ಹಂದಿಮಾಂಸ. ಕೊಳ್ಳುವ ದೊಡ್ಡ ಗಿರಾಕಿ ಆಸ್ಟ್ರಿಯ-ಹಂಗೇರಿ. 1906ರಲ್ಲಿ ಸರ್ಬಿಯವನ್ನು ಬಗ್ಗಿಸಲು ಆಸ್ಟ್ರಿಯ ಗಡಿ ಮುಚ್ಚಿತು. ಸರ್ಬಿಯ ಬಗ್ಗಲಿಲ್ಲ. ಬೇರೆ ಮಾರುಕಟ್ಟೆಗಳನ್ನು ಹುಡುಕಿಕೊಂಡಿತು. ಅದುವರೆಗೆ ಆಸ್ಟ್ರಿಯದಿಂದ ಕೊಳ್ಳಬೇಕೆಂದಿದ್ದ ತೋಪುಗಳನ್ನು ಫ್ರಾನ್ಸಿನ ಷ್ನೈಡರ್-ಕ್ರೂಸೋ ಕಂಪನಿಯಿಂದ ಕೊಂಡಿತು. ವ್ಯಾಪಾರದ ಜಗಳ ಐದು ವರ್ಷದೊಳಗೆ ಸೇನೆಯ ನಂಟಾಗಿ ಬದಲಾಯಿತು. 1908ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯ ಬೋಸ್ನಿಯವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡಾಗ ಸರ್ಬಿಯದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ‘ನರೋದ್ನಾ ಒದ್‌ಬ್ರಾನಾ’ ಎಂಬ ರಾಷ್ಟ್ರೀಯವಾದಿ ಸಂಘ ಹುಟ್ಟಿತು, 1911ರಲ್ಲಿ ‘ಕಪ್ಪು ಕೈ’ ಎಂದು ಹೆಸರಾದ ಗುಪ್ತಕೂಟ. ಅದರ ಮುಖಂಡ ದಿಮಿತ್ರಿಯೆವಿಚ್ ಸರ್ಬಿಯದ ಸೇನಾ ಗುಪ್ತಚರ ವಿಭಾಗದ ಮುಖ್ಯಸ್ಥನೇ ಆಗಿದ್ದ. 1912-13ರ ಎರಡು ಬಾಲ್ಕನ್ ಯುದ್ಧಗಳಲ್ಲಿ ಸರ್ಬಿಯದ ನೆಲ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಅತ್ತ ಆಸ್ಟ್ರಿಯ-ಹಂಗೇರಿಗೆ ಭಯ ಬೇರೆ ಬಗೆಯದು. ಹತ್ತಕ್ಕೂ ಹೆಚ್ಚು ಭಾಷಿಕ ಜನಾಂಗಗಳ ಸಾಮ್ರಾಜ್ಯ. ಅದರ ಸೇನೆಯಲ್ಲಿ ಕವಾಯತಿನ ಆಜ್ಞೆಗೆ ಸುಮಾರು 80 ಜರ್ಮನ್ ಪದ ಎಲ್ಲರೂ ಕಲಿಯುತ್ತಿದ್ದರು. ಉಳಿದ ಮಾತು ಆಯಾ ರೆಜಿಮೆಂಟಿನ ಭಾಷೆಯಲ್ಲಿ, ಅಧಿಕಾರಿ ಅದನ್ನು ಕಲಿಯಬೇಕು. ಶಾಂತಿಕಾಲದಲ್ಲಿ ಇದು ಚೆನ್ನಾಗಿಯೇ ನಡೆಯಿತು. ಯುದ್ಧದ ಮೊದಲ ತಿಂಗಳುಗಳಲ್ಲೇ ಆ ಭಾಷೆ ಬಲ್ಲ ಅಧಿಕಾರಿಗಳು ಸತ್ತ ಮೇಲೆ ಕುಸಿಯಿತು. ಹಂಗೇರಿಯ ಪ್ರಧಾನಿ ತಿಸಾ ಜುಲೈ ಮಧ್ಯದವರೆಗೂ ಯುದ್ಧ ಬೇಡವೆಂದ. ಅವನ ಚಿಂತೆ ಶಾಂತಿಯದಲ್ಲ, ಇನ್ನಷ್ಟು ಸ್ಲಾವರು ಸಾಮ್ರಾಜ್ಯದೊಳಗೆ ಬಂದರೆ ಹಂಗೇರಿಯನ್ನರ ಪಾಲು ಕಡಿಮೆಯಾಗುತ್ತದೆ ಎಂಬುದು. ಸರ್ಬಿಯದ ನೆಲ ಸೇರಿಸಿಕೊಳ್ಳುವುದಿಲ್ಲ ಎಂಬ ಮಾತು ಸಿಕ್ಕ ಮೇಲೆ ಒಪ್ಪಿದ.

ಯುವರಾಜನ ಹತ್ಯೆಗೂ ಆಸ್ಟ್ರಿಯ ಸರ್ಬಿಯಕ್ಕೆ ಕೊಟ್ಟ ಎಚ್ಚರಿಕೆ ಪತ್ರಕ್ಕೂ ನಡುವೆ 25 ದಿನ ಏಕೆ ಕಳೆಯಿತು ಎಂದು ಮಕ್ಕಳು ಕೇಳಬೇಕು. ಉತ್ತರ ತೀರಾ ಸರಳವಾದದ್ದು. ಆಸ್ಟ್ರಿಯದ ಹಲವು ದಳಗಳ ಸೈನಿಕರು ಸುಗ್ಗಿಯ ರಜೆಯಲ್ಲಿದ್ದರು, ಅವರನ್ನು ಕರೆಸಿದರೆ ಕೊಯ್ಲೂ ಕೆಡುತ್ತದೆ, ಗುಟ್ಟೂ ಹೊರಬೀಳುತ್ತದೆ. ಜೊತೆಗೆ ಫ್ರೆಂಚ್ ಅಧ್ಯಕ್ಷ ಪ್ವಾಂಕಾರೆ ಜುಲೈ 20ರಿಂದ 23ರವರೆಗೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. ಅವನು ಹಡಗು ಹತ್ತುವುದನ್ನೇ ಕಾದು, 23ರ ಸಂಜೆ 6ಕ್ಕೆ, 48 ಗಂಟೆಗಳ ಗಡುವಿನ ಹತ್ತು ಬೇಡಿಕೆಗಳ ಪತ್ರವನ್ನು ಬೆಲ್‌ಗ್ರೇಡಿನಲ್ಲಿ ಕೊಟ್ಟರು. ತಾನಾಗಿ ಆದ ಘಟನೆಗೆ ಇಷ್ಟು ಲೆಕ್ಕಾಚಾರ ಬೇಕಾಗುವುದಿಲ್ಲ.

ಈಗ ಜಮಾವಣೆ. 1914ರ ಸೇನೆಗಳು ಶಾಂತಿಕಾಲದಲ್ಲಿ ಚಿಕ್ಕವು. ಹುಡುಗರು ಎರಡು ಮೂರು ವರ್ಷ ಕಡ್ಡಾಯ ಸೇವೆ ಮಾಡಿ ಊರಿಗೆ ಮರಳಿ, ಮೀಸಲು ಪಟ್ಟಿಯಲ್ಲಿ ಇರುತ್ತಿದ್ದರು. ಆಜ್ಞೆ ಹೊರಟ ದಿನ ಗೋಡೆಗಳಿಗೆ ಪೋಸ್ಟರ್ ಅಂಟಿಸುತ್ತಾರೆ. ಮೀಸಲು ಸೈನಿಕ ತನ್ನ ಡಿಪೊಗೆ ಹೋಗಿ ಸಮವಸ್ತ್ರ, ಬೂಟು, ಬಂದೂಕು ತೆಗೆದುಕೊಳ್ಳುತ್ತಾನೆ. ರೈತರ ಕುದುರೆಗಳನ್ನು ಪರೀಕ್ಷಿಸಿ ವಶಪಡಿಸಿಕೊಳ್ಳುತ್ತಾರೆ. ಜರ್ಮನಿಯೊಂದೇ ಆಗ 7 ಲಕ್ಷಕ್ಕೂ ಹೆಚ್ಚು ಕುದುರೆ ತೆಗೆದುಕೊಂಡಿತು. ಆಮೇಲೆ ರೈಲು. ಕೋರ್ ಎಂಬ ಒಂದು ದೊಡ್ಡ ಜರ್ಮನ್ ಸೇನಾ ದಳವನ್ನು ಗಡಿಗೆ ಸಾಗಿಸಲು ಸುಮಾರು 140 ರೈಲು ಬೇಕಿತ್ತು, ಅದರ ಸಾಮಗ್ರಿಗೆ ಹೆಚ್ಚುಕಡಿಮೆ ಅಷ್ಟೇ ರೈಲು. ಜನಕ್ಕಿಂತ ಕುದುರೆಗಳಿಗೆ ಹೆಚ್ಚು ಡಬ್ಬಿ ಹಿಡಿಯುತ್ತಿತ್ತು. ಕಲೋನಿನ ಹೊಹೆನ್‌ಜೊಲರ್ನ್ ಸೇತುವೆಯೊಂದರ ಮೇಲೆಯೇ ಆಗಸ್ಟ್ 2ರಿಂದ 18ರವರೆಗೆ 2,150 ರೈಲುಗಳು, ಹತ್ತು ನಿಮಿಷದ ಆಸುಪಾಸಿನ ಅಂತರದಲ್ಲಿ, ರೈನ್ ನದಿ ದಾಟಿದವು. ಎಲ್ಲ ರೈಲೂ ಒಂದೇ ನಿಧಾನ ವೇಗದಲ್ಲಿ ಹೋಗಬೇಕು. ವೇಗ ಬೇರೆಬೇರೆಯಾದರೆ ಇಡೀ ಮಾರ್ಗ ಕಟ್ಟಿಕೊಳ್ಳುತ್ತದೆ. ನೀರು, ಕಲ್ಲಿದ್ದಲು, ಕುದುರೆಗೆ ಮೇವು, ಜನಕ್ಕೆ ಊಟ ಎಲ್ಲಿ ಎಂಬುದನ್ನೂ ವರ್ಷಗಳ ಮೊದಲೇ ಬರೆದಿಟ್ಟಿರುತ್ತಾರೆ. ವೇಳಾಪಟ್ಟಿಯನ್ನು ಪ್ರತಿ ವರ್ಷ ಹೊಸದಾಗಿ ಮಾಡುತ್ತಾರೆ, ಅದು ಚಳಿಗಾಲದ ತಿಂಗಳುಗಳ ಕೆಲಸ. ನಡುವೆ ಬದಲಿಸಿದರೆ ಯಾವ ದಳ ಯಾವ ನಿಲ್ದಾಣದಲ್ಲಿ, ಅದರ ತೋಪು ಎಲ್ಲಿ, ಮದ್ದುಗುಂಡು ಎಲ್ಲಿ ಎಂಬುದೇ ತಿಳಿಯದಂತಾಗುತ್ತದೆ.

ರಷ್ಯಕ್ಕೆ ಇದರ ತೊಂದರೆ ಎಲ್ಲರಿಗಿಂತ ಹೆಚ್ಚು. ದೇಶ ದೊಡ್ಡದು, ಹಳಿ ವಿರಳ. ಮೀಸಲು ಸೈನಿಕ ನೂರಾರು ಕಿಲೋಮೀಟರ್ ಪ್ರಯಾಣ ಮಾಡಬೇಕು. ಆಸ್ಟ್ರಿಯವನ್ನು ಹೆದರಿಸಲು ವಿದೇಶಾಂಗ ಮಂತ್ರಿ ಸಜೊನೊವ್ ಸೂಚಿಸಿದ್ದು ಭಾಗಶಃ ಜಮಾವಣೆ: ಕೀವ್, ಒಡೆಸ್ಸಾ, ಮಾಸ್ಕೊ, ಕಜಾನ್ ಸೇನಾ ಪ್ರಾಂತಗಳು ಮಾತ್ರ, ಜರ್ಮನಿಗೆ ತಗಲುವ ವಾರ್ಸಾ ಬಿಟ್ಟು. ಮಂತ್ರಿಯ ಮಟ್ಟಿಗೆ ಇದು ಜಾಣತನದ ಹೆಜ್ಜೆ. ಆದರೆ ಸೇನಾ ಮುಖ್ಯ ಕಚೇರಿಯಲ್ಲಿ ಅಂಥ ಯೋಜನೆಯೇ ಇರಲಿಲ್ಲ. ವಾರ್ಸಾ ಪ್ರಾಂತ ಆಸ್ಟ್ರಿಯಕ್ಕೂ ಅಂಟಿಕೊಂಡಿತ್ತು. ಮಾಸ್ಕೊ ಪ್ರಾಂತದ ಮೀಸಲು ಸೈನಿಕರು ಬೇರೆ ಪ್ರಾಂತಗಳ ದಳಗಳಿಗೂ ಹೋಗಬೇಕಿತ್ತು. ಭಾಗಶಃ ಮಾಡಿದ ಮೇಲೆ ಪೂರ್ಣ ಮಾಡಬೇಕಾದರೆ ಎರಡೂ ಕೆಡುತ್ತವೆ ಎಂದು ದಾನಿಲೊವ್, ದೊಬ್ರೊರೋಲ್ಸ್ಕಿ ಮುಂತಾದ ಸೇನಾಧಿಕಾರಿಗಳು ಪಟ್ಟು ಹಿಡಿದರು. ಜುಲೈ 29ರ ರಾತ್ರಿ ಪೂರ್ಣ ಜಮಾವಣೆಯ ಆಜ್ಞೆಗೆ ಮಂತ್ರಿಗಳ ಸಹಿ ಹಾಕಿಸಿಕೊಂಡು ದೊಬ್ರೊರೋಲ್ಸ್ಕಿ ರಾಜಧಾನಿಯ ಮುಖ್ಯ ತಂತಿ ಕಚೇರಿಗೆ ಬಂದ. ಬೇರೆ ತಂತಿಗಳನ್ನು ನಿಲ್ಲಿಸಿ ಎಲ್ಲ ಸಾಲುಗಳನ್ನೂ ತೆರವು ಮಾಡಿಟ್ಟಿದ್ದರು. ಕಳಿಸುವ ಗಳಿಗೆಯಲ್ಲಿ ಫೋನು ಬಂತು: ಕೈಸರನಿಂದ ತಂತಿ ಬಂದಿದೆ, ಝಾರ್ ಮನಸ್ಸು ಬದಲಿಸಿದ್ದಾನೆ, ನಿಲ್ಲಿಸಿ. ಭಾಗಶಃ ಆಜ್ಞೆ ಹೋಯಿತು. ಮರುದಿನ ಮಧ್ಯಾಹ್ನ ಸಜೊನೊವ್ ಪೀಟರ್‌ಹಾಫ್ ಅರಮನೆಗೆ ಹೋಗಿ, ಸುಮಾರು ಒಂದು ಗಂಟೆ ಕುಳಿತು ಝಾರ್‌ನ ಮನವೊಲಿಸಿದ. ಸಂಜೆಯ ಹೊತ್ತಿಗೆ ಪೂರ್ಣ ಜಮಾವಣೆಯ ತಂತಿ ಹೊರಟಿತು. ಇನ್ನೊಮ್ಮೆ ಫೋನು ಮಾಡಿ ನಿಲ್ಲಿಸದಂತೆ, ಸೇನಾ ಮುಖ್ಯಸ್ಥ ಯಾನುಷ್ಕೆವಿಚ್ ತನ್ನ ಫೋನನ್ನೇ ಒಡೆದುಹಾಕುತ್ತೇನೆ ಎಂದಿದ್ದ. ಒಂದು ರಾತ್ರಿ ನಿಲ್ಲಿಸಲು ಸಾಧ್ಯವಾಗಿತ್ತು ಎಂಬುದೇ, ನಿಲ್ಲಿಸಬಹುದಾಗಿತ್ತು ಎಂಬುದಕ್ಕೆ ಸಾಕ್ಷಿ.

ರಷ್ಯದ ಜಮಾವಣೆ ಎಂದರೆ ಇನ್ನೂ ಯುದ್ಧವಲ್ಲ. ಅದರ ಸೇನೆ ಗಡಿಯೊಳಗೆ ವಾರಗಟ್ಟಲೆ ನಿಂತಿರಬಹುದಿತ್ತು. ಫ್ರಾನ್ಸ್ ಕೂಡ ಜುಲೈ 30ರಂದು ತನ್ನ ಪಡೆಗಳನ್ನು ಗಡಿಯಿಂದ ಸುಮಾರು ಹತ್ತು ಕಿಲೋಮೀಟರ್ ಹಿಂದೆ ಇರಿಸಿತು. ಜರ್ಮನಿಯದು ಮಾತ್ರ ಬೇರೆ. ಸೇನಾ ಮುಖ್ಯಸ್ಥ ಷ್ಲೀಫೆನ್ 1905ರ ಕೊನೆಗೆ ಬರೆದಿಟ್ಟು, ಆಮೇಲೆ ಅವನ ಜಾಗಕ್ಕೆ ಬಂದ ಮೋಲ್ಟ್ಕೆ ತಿದ್ದಿದ ಯೋಜನೆಯ ಲೆಕ್ಕ ಹೀಗಿತ್ತು: ರಷ್ಯ ಸಜ್ಜಾಗುವಷ್ಟರಲ್ಲಿ, ಆರು ವಾರದೊಳಗೆ, ಫ್ರಾನ್ಸನ್ನು ಮುಗಿಸಬೇಕು; ಫ್ರೆಂಚ್ ಗಡಿಯ ಕೋಟೆಗಳನ್ನು ಬಿಟ್ಟು ಬೆಲ್ಜಿಯಂ ಮೂಲಕ ಸುತ್ತಿ ಬರಬೇಕು. ಮೋಲ್ಟ್ಕೆ ಹಾಲೆಂಡನ್ನು ಬಿಟ್ಟುಬಿಟ್ಟ. ಆಗ ಡಚ್ ಗಡಿಗೂ ಆರ್ಡೆನ್ ಕಾಡಿಗೂ ನಡುವಿನ ಇಕ್ಕಟ್ಟಿನಲ್ಲೇ ಎರಡು ಸೇನೆಗಳು, ಸುಮಾರು ಆರು ಲಕ್ಷ ಜನ, ನುಸುಳಬೇಕಾಯಿತು. ಆ ಇಕ್ಕಟ್ಟಿನ ಬೀಗ ಲಿಯೇಜ್ ಪಟ್ಟಣ. ಸುತ್ತ 12 ಕೋಟೆ, ನಡುವೆ ರೈಲು ಜಂಕ್ಷನ್. ಅದನ್ನು ಸೇತುವೆಗಳ ಸಮೇತ ಹಿಡಿಯದೆ ಯೋಜನೆ ಮುಂದೆ ಸಾಗದು. ಹಾಗಾಗಿ ಜಮಾವಣೆ ಪೂರ್ತಿಯಾಗುವ ಮೊದಲೇ, ಮೊದಲ ದಿನಗಳಲ್ಲೇ, ಶಾಂತಿಕಾಲದ ಆರು ಬ್ರಿಗೇಡುಗಳು ಲಿಯೇಜಿಗೆ ನುಗ್ಗುವಂತೆ ಬರೆದಿಟ್ಟಿದ್ದರು. ಜರ್ಮನಿ ಜಮಾವಣೆ ಆಜ್ಞೆ ಕೊಟ್ಟಿತು ಎಂದರೆ ತಟಸ್ಥ ಬೆಲ್ಜಿಯಂ ಮೇಲೆ ದಾಳಿಯೂ ಅದರೊಳಗೇ ಸೇರಿತ್ತು. ರಷ್ಯದ ವಿರುದ್ಧ ಮಾತ್ರ ಹೋಗುವ ಇನ್ನೊಂದು ಯೋಜನೆಯನ್ನು ಪ್ರತಿ ವರ್ಷ ತಿದ್ದಿಡುತ್ತಿದ್ದರು. 1913ರಲ್ಲಿ ಅದನ್ನೂ ಕೈಬಿಟ್ಟರು. ನನ್ನ ದೃಷ್ಟಿಯಲ್ಲಿ ಯುದ್ಧಪೂರ್ವ ಯುರೋಪಿನ ಅತ್ಯಂತ ಅಪಾಯಕಾರಿ ತೀರ್ಮಾನ ಇದು. ಪಾರ್ಲಿಮೆಂಟಿನಲ್ಲಿ ಚರ್ಚೆ ಇಲ್ಲ, ಪತ್ರಿಕೆಯಲ್ಲಿ ಸುದ್ದಿ ಇಲ್ಲ. ಕಚೇರಿಯ ಕಡತದಲ್ಲಿ ಒಂದು ದಾರಿ ಅಳಿಸಿಹೋಯಿತು.

ಅದರ ಫಲ 1914ರ ಆಗಸ್ಟ್ 1ರ ಸಂಜೆ ಬರ್ಲಿನ್ನಿನಲ್ಲಿ ಕಂಡಿತು. 5 ಗಂಟೆಗೆ ಕೈಸರ್ ಜಮಾವಣೆಗೆ ಸಹಿ ಹಾಕಿದ. ಸ್ವಲ್ಪ ಹೊತ್ತಿಗೇ ಲಂಡನ್ನಿನ ರಾಯಭಾರಿ ಲಿಖ್ನೊವ್ಸ್ಕಿಯ ತಂತಿ ಬಂತು: ಫ್ರಾನ್ಸಿನ ಮೇಲೆ ಹೋಗದಿದ್ದರೆ ಬ್ರಿಟನ್ ತಟಸ್ಥವಾಗಿ ಉಳಿಯಬಹುದು. ಕೈಸರ್ ಹಿಗ್ಗಿ, ಇಡೀ ಸೇನೆಯನ್ನು ಪೂರ್ವಕ್ಕೆ ತಿರುಗಿಸೋಣ ಎಂದ. ಮೋಲ್ಟ್ಕೆ ಆಗುವುದಿಲ್ಲ ಎಂದ. ವರ್ಷಗಟ್ಟಲೆ ಕೂಡಿಸಿದ ಏರ್ಪಾಟನ್ನು ಗಳಿಗೆಯಲ್ಲಿ ಬದಲಿಸಿದರೆ ರಷ್ಯದ ಗಡಿಗೆ ಹೋಗಿ ನಿಲ್ಲುವುದು ಸೇನೆಯಲ್ಲ, ಊಟವಿಲ್ಲದ ಗುಂಪು ಎಂಬುದು ಅವನ ವಾದ. ಲಕ್ಸೆಂಬರ್ಗ್‌ಗೆ ಹೊರಟಿದ್ದ 16ನೇ ಡಿವಿಷನ್ನನ್ನು ತಡೆಯಲು ಕೈಸರ್ ಆಜ್ಞೆ ಕೊಡಿಸಿದ. ಆದರೆ 69ನೇ ರೆಜಿಮೆಂಟಿನ ಒಂದು ತುಕಡಿ ಸಂಜೆ 7ರ ಸುಮಾರಿಗೆ ಟ್ರ್ವಾವಿಯೆರ್ಜ್ ರೈಲು ನಿಲ್ದಾಣವನ್ನು ಆಗಲೇ ಹಿಡಿದಾಗಿತ್ತು. ಲಂಡನ್ನಿನ ಮಾತು ತಪ್ಪು ತಿಳಿವಳಿಕೆ ಎಂದು ರಾತ್ರಿ ಗೊತ್ತಾದ ಮೇಲೆ ಕೈಸರ್ ಕೈಚೆಲ್ಲಿದ. ಯುದ್ಧ ಮುಗಿದ ಮೇಲೆ ಜರ್ಮನ್ ಸೇನೆಯ ರೈಲ್ವೆ ವಿಭಾಗದವರೇ ಲೆಕ್ಕ ಹಾಕಿ ತೋರಿಸಿದರು: ಆ ಸಂಜೆ ಹೇಳಿದ್ದರೆ ಏಳು ಸೇನೆಗಳಲ್ಲಿ ನಾಲ್ಕನ್ನು ಆಗಸ್ಟ್ 15ರೊಳಗೆ ಪೂರ್ವಕ್ಕೆ ಸಾಗಿಸಬಹುದಿತ್ತು. ವೇಳಾಪಟ್ಟಿ ಬದಲಿಸಲು ಅಸಾಧ್ಯ ಎಂದು ಹೇಳಿದವರು ಸೇನಾನಾಯಕರು, ಹಳಿ ಬಲ್ಲವರು ಹಾಗೆ ಹೇಳಲಿಲ್ಲ.

ಅರ್ಧ ದಾರಿಯಲ್ಲಿ ಬದಲಿಸಲು ಹೋದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಆಸ್ಟ್ರಿಯದ ಸೇನಾ ಮುಖ್ಯಸ್ಥ ಕಾನ್ರಾಡ್ ತನ್ನ ಸೇನೆಯನ್ನು ಮೂರು ಪಾಲು ಮಾಡಿದ್ದ: ದೊಡ್ಡದು ರಷ್ಯದ ಎದುರಿಗೆ, ಚಿಕ್ಕದು ಸರ್ಬಿಯದ ಎದುರಿಗೆ, 12 ಡಿವಿಷನ್‌ಗಳ ನಡುವಿನ ಪಾಲು ಎಲ್ಲಿ ಬೇಕೋ ಅಲ್ಲಿಗೆ. ಸರ್ಬಿಯದ ಮೇಲಿನ ಹಟದಲ್ಲಿ ಈ ನಡುವಿನ ಪಾಲನ್ನು ದಕ್ಷಿಣಕ್ಕೆ ಹೊರಡಿಸಿಬಿಟ್ಟ. ರಷ್ಯ ಬರುವುದು ಖಚಿತವಾದಾಗ, ಜುಲೈ 31ರಂದು, ತಿರುಗಿಸಿ ಎಂದ. ರೈಲ್ವೆ ವಿಭಾಗ ಕೈ ಎತ್ತಿತು: ಹೊರಟ ರೈಲುಗಳು ಸಾವಾ ನದಿಯ ದಂಡೆಗೆ ಹೋಗಿ, ಇಳಿದು, ಮತ್ತೆ ಹತ್ತಿ ಬರಬೇಕು. ಹಾಗೇ ಆಯಿತು. ಎರಡನೇ ಸೇನೆ ದಕ್ಷಿಣದಲ್ಲಿ ಕೆಲವು ದಿನ ಕುಳಿತು, ಆಗಸ್ಟ್ 18ರ ನಂತರ ಮರಳಿ ಹತ್ತಿ ರಷ್ಯದ ಗಡಿಯಲ್ಲಿದ್ದ ಆಸ್ಟ್ರಿಯದ ಗಲೀಸಿಯ ಪ್ರಾಂತ ತಲುಪುವಷ್ಟರಲ್ಲಿ ಅಲ್ಲಿನ ಕಾಳಗ ಕೈಮೀರಿತ್ತು. ಸೆಪ್ಟೆಂಬರ್ 3ರಂದು ರಷ್ಯದವರು ಅಲ್ಲಿನ ಮುಖ್ಯ ಪಟ್ಟಣ ಲೆಂಬರ್ಗ್ ಹೊಕ್ಕರು. ದಕ್ಷಿಣದಲ್ಲಿ ಉಳಿದ ಪಡೆಯನ್ನು ಸರ್ಬಿಯದವರು ಸೇರ್ ಬೆಟ್ಟದಲ್ಲಿ ಸೋಲಿಸಿ ಓಡಿಸಿದ್ದರು. ಎರಡೂ ಕಡೆ ಸೋಲು.

ರಷ್ಯಕ್ಕೂ ಆತುರ ಮುಳುವಾಯಿತು. ಜಮಾವಣೆಯ 15ನೇ ದಿನ ಜರ್ಮನಿಯ ಮೇಲೆ ಬೀಳುತ್ತೇವೆ ಎಂದು ಫ್ರೆಂಚರಿಗೆ ಮಾತು ಕೊಟ್ಟಿದ್ದರಿಂದ ಸರಬರಾಜು ಸಿದ್ಧವಾಗುವ ಮೊದಲೇ ಪೂರ್ವ ಪ್ರಷ್ಯಕ್ಕೆ ನುಗ್ಗಿದರು. ರಷ್ಯದ ಹಳಿಯ ಅಗಲ 1,524 ಮಿಲಿಮೀಟರ್, ಜರ್ಮನಿಯದು 1,435. ಗಡಿ ದಾಟಿದ ಮೇಲೆ ರಷ್ಯದ ರೈಲು ಮುಂದೆ ಹೋಗದು. ಮರಳು ದಾರಿಯಲ್ಲಿ ಗಾಡಿ, ಹಸಿದ ಕುದುರೆ, ಸಂಕೇತವಿಲ್ಲದೆ, ಶತ್ರುವಿಗೂ ತಿಳಿಯುವಂತೆ ಕಳಿಸಿದ ವೈರ್‌ಲೆಸ್ ಸಂದೇಶ. ಆಗಸ್ಟ್ ಕೊನೆಗೆ ಟಾನೆನ್‌ಬರ್ಗ್‌ನಲ್ಲಿ ಸಮ್ಸೊನೊವ್‌ನ ಎರಡನೇ ಸೇನೆ ನಾಶವಾಯಿತು. ಜರ್ಮನಿಯ ಬಲಪಾರ್ಶ್ವದ ಗತಿಯೂ ಅಷ್ಟೇ. ಮೊದಲನೇ ಸೇನೆಯ 84,000 ಕುದುರೆಗಳಿಗೆ ದಿನಕ್ಕೆ ಸುಮಾರು 900 ಟನ್ ಮೇವು ಬೇಕು. ಬೆಲ್ಜಿಯಂನವರು ಸೇತುವೆ, ಸುರಂಗಗಳನ್ನು ಕೆಡವಿದ್ದರಿಂದ ರೈಲು ಹಿಂದೆಯೇ ಉಳಿಯಿತು. ಮಾರ್ನ್ ನದಿ ಮುಟ್ಟುವ ಹೊತ್ತಿಗೆ ಲಾರಿಗಳಲ್ಲಿ ಅರ್ಧಕ್ಕೂ ಹೆಚ್ಚು ಕೆಟ್ಟು ನಿಂತಿದ್ದವು. ಇಡೀ ಯುರೋಪಿನ ಶಾಂತಿಯನ್ನು ಪಣಕ್ಕಿಟ್ಟ ಯೋಜನೆ ಗಡಿಯವರೆಗಿನ ರೈಲಿಗೆ ನಿಮಿಷದ ಲೆಕ್ಕ ಇಟ್ಟಿತ್ತು, ಗಡಿಯಾಚೆಯ ಮೇವಿಗೆ ಇಟ್ಟಿರಲಿಲ್ಲ.

ಹಾಗಾದರೆ ಎಲ್ಲರೂ ಸಮಾನ ತಪ್ಪಿತಸ್ಥರೇ? ನನಗೆ ಹಾಗೆ ಅನಿಸುವುದಿಲ್ಲ. ಹತ್ಯೆಯ ಸಂಚನ್ನು ತಡೆಯದ ಸರ್ಬಿಯ, ಎಲ್ಲರಿಗಿಂತ ಮೊದಲು ಪೂರ್ಣ ಜಮಾವಣೆ ಮಾಡಿದ ದೊಡ್ಡ ಶಕ್ತಿ ರಷ್ಯ, ತನ್ನ ನಿಲುವನ್ನು ಕೊನೆಯವರೆಗೂ ಬಿಡಿಸಿ ಹೇಳದ ಬ್ರಿಟನ್, ಇವರ ಪಾಲೂ ಇದೆ. ಆದರೆ ಸಣ್ಣ ದೇಶವೊಂದನ್ನು ಮುಗಿಸಿಯೇ ತೀರಬೇಕೆಂದ ವಿಯೆನ್ನಾ ಮತ್ತು ಅದಕ್ಕೆ ಖಾಲಿ ಚೆಕ್ಕು ಬರೆದುಕೊಟ್ಟು, ಒಂದೇ ಯೋಜನೆಯನ್ನು ಕೈಯಲ್ಲಿಟ್ಟುಕೊಂಡ ಬರ್ಲಿನ್, ಇವರ ಹೊಣೆ ಹೆಚ್ಚು. ಇದಕ್ಕೆ ಒಪ್ಪದ ವಿದ್ವಾಂಸರಿದ್ದಾರೆ, ಅವರ ವಾದವೂ ತೂಕದ್ದೇ. ಆದರೆ ಆ ವಾದ ನಡೆಯುವುದು ಯಾರು ಯಾವ ಗಂಟೆಯಲ್ಲಿ ಏನು ತೀರ್ಮಾನಿಸಿದರು ಎಂಬುದರ ಮೇಲೆ. ನಮ್ಮ ಗೈಡುಗಳು ಆ ವಾದಕ್ಕೆ ಬಾಗಿಲನ್ನೇ ತೆರೆಯುವುದಿಲ್ಲ.

ನಮಗೆ ಇದರಿಂದ ಏನಾಗಬೇಕು ಎನ್ನುವವರಿಗೆ ಒಂದು ಮಾತು. ಬ್ರಿಟನ್ ಯುದ್ಧ ಸಾರಿದಾಗ ಭಾರತವನ್ನು ಯಾರೂ ಕೇಳಲಿಲ್ಲ; ದೊರೆಯ ಘೋಷಣೆಯಲ್ಲಿ ನಾವೂ ಸೇರಿಹೋದೆವು. 10 ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಹೋದರು, ಸುಮಾರು 74,000 ಮಂದಿ ಸತ್ತರು. 1914ರ ಆಗಸ್ಟ್ 2ರಂದು ಜರ್ಮನಿ ಮತ್ತು ತುರ್ಕಿ ಗುಟ್ಟಾಗಿ ಸಹಿ ಹಾಕಿದ ಒಪ್ಪಂದದಿಂದಾಗಿ ಸೂಯೆಜ್ ಕಾಲುವೆಗೆ ಕುತ್ತು ಬಂತು. ಅದನ್ನು ಕಾಯಲು ಹೋದವರಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳವೂ ಇತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಂದಿಗೆ ಅವರು ಹೈಫಾ ಪಟ್ಟಣವನ್ನು ಹಿಡಿದದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ನೆನೆಯಲೇಬೇಕು. ಜೊತೆಗೆ ಅವರು ಅಲ್ಲಿಗೆ ಏಕೆ ಹೋಗಬೇಕಾಯಿತು ಎಂಬುದನ್ನೂ ಹೇಳಬೇಕಲ್ಲವೇ?

ಪಾಠ ಮಾಡುವವರಿಗೆ, ಪ್ರಶ್ನೆಪತ್ರಿಕೆ ಮಾಡುವವರಿಗೆ ನನ್ನ ಕೋರಿಕೆ ಇಷ್ಟು. ಕಪ್ಪುಹಲಗೆಯ ಮೇಲೆ ಐದು ಸಾಲು ಮಾಡಿಸಿ: ವಿಯೆನ್ನಾ, ಬರ್ಲಿನ್, ಸೇಂಟ್ ಪೀಟರ್ಸ್‌ಬರ್ಗ್, ಪ್ಯಾರಿಸ್, ಲಂಡನ್. ಜುಲೈ 23ರಿಂದ ಆಗಸ್ಟ್ 12ರವರೆಗಿನ ತಾರೀಖು ಹಾಕಿ, ಯುದ್ಧ ಘೋಷಣೆಗಳನ್ನು ಮಕ್ಕಳಿಂದಲೇ ತುಂಬಿಸಿ. ಜುಲೈ 28ಕ್ಕೆ ಸರ್ಬಿಯದ ಮೇಲೆ ಆಸ್ಟ್ರಿಯ. ಆಗಸ್ಟ್ 1ಕ್ಕೆ ರಷ್ಯದ ಮೇಲೆ ಜರ್ಮನಿ. 3ಕ್ಕೆ ಫ್ರಾನ್ಸಿನ ಮೇಲೆ ಜರ್ಮನಿ. 4ಕ್ಕೆ ಜರ್ಮನಿಯ ಮೇಲೆ ಬ್ರಿಟನ್. 6ಕ್ಕೆ ರಷ್ಯದ ಮೇಲೆ ಆಸ್ಟ್ರಿಯ. 12ಕ್ಕೆ ಆಸ್ಟ್ರಿಯದ ಮೇಲೆ ಬ್ರಿಟನ್ ಮತ್ತು ಫ್ರಾನ್ಸ್. ಆಮೇಲೆ ‘ಯುದ್ಧದ ತಕ್ಷಣದ ಕಾರಣ ಯಾವುದು’ ಎಂಬ ಪ್ರಶ್ನೆಯ ಬದಲು ಇದನ್ನು ಕೇಳಿ: ಆಸ್ಟ್ರಿಯಕ್ಕೆ ನೆರವಾಗಲೆಂದು ಜರ್ಮನಿ ಯುದ್ಧಕ್ಕಿಳಿಯಿತು ಎನ್ನುವುದಾದರೆ, ರಷ್ಯದ ಮೇಲೆ ಜರ್ಮನಿ ಯುದ್ಧ ಸಾರಿ ಐದು ದಿನ ಕಳೆಯುವವರೆಗೆ ಆಸ್ಟ್ರಿಯ ಏಕೆ ಸುಮ್ಮನಿತ್ತು?

ಇತಿ,
ಇತಿಹಾಸ ಅಧ್ಯಾಪಕರೊಬ್ಬರು
ಧಾರವಾಡ